ಹೊರಡದ ಮೋಟಾರು

ಮೋಟಾರು ಗಾಡಿ ದಾರಿಯ ನಡುವೆ ಕೆಟ್ಟು ನಿಂತರೆ ಅದು ಕಷ್ಟವೇ ಸರಿ. ಆದರೆ ಮನೆಯ ಅಂಗಳದಲ್ಲಿ, ಹೊರಡಬೇಕಾದ ಗಳಿಗೆಯಲ್ಲಿ, ಯಾವ ಮುನ್ಸೂಚನೆಯನ್ನೂ ಕೊಡದೆ ಅದು ಮೌನವನ್ನು ತಾಳಿದರೆ ಉಂಟಾಗುವ ದಿಗ್ಭ್ರಮೆಯೇ ಬೇರೆ. ಹಿಂದಿನ ರಾತ್ರಿ ಸರಿಯಾಗಿ ಓಡಿ ಬಂದು ನಿಂತ ಗಾಡಿ ಅದು. ನಸುಕಿನಲ್ಲಿ ರೋಗಿಯೊಬ್ಬರನ್ನು ಮಲ್ಪೆಯಿಂದ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿರುತ್ತದೆ, ಇಲ್ಲವೆ ಉಡುಪಿಯ ರೈಲು ನಿಲ್ದಾಣದಲ್ಲಿ ಬಂಧುಗಳು ಬಂದಿಳಿಯುವ ಹೊತ್ತಾಗಿರುತ್ತದೆ. ಕೀಲಿಕೈಯನ್ನು ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು. ಅನಂತರ ಏನೂ ಇಲ್ಲ. ದೀಪಗಳು ಮಾತ್ರ ಚೆನ್ನಾಗಿಯೇ ಉರಿಯುತ್ತಿರುತ್ತವೆ.

ಇಂತಹ ಸಮಯದಲ್ಲಿ ನೆರೆದವರ ತೀರ್ಪು ಬಹುಮಟ್ಟಿಗೆ ಒಂದೇ: “ಬ್ಯಾಟರಿ ಹೋಗಿದೆ.” ಮಧ್ಯಾಹ್ನದೊಳಗೆ ಹೊಸ ಬ್ಯಾಟರಿ ಬರುತ್ತದೆ, ಹಲವು ಸಾವಿರ ರೂಪಾಯಿಗಳು ವೆಚ್ಚವಾಗುತ್ತವೆ, ಗಾಡಿಯೂ ಹೊರಡುತ್ತದೆ. ಕೆಲವು ತಿಂಗಳುಗಳಾದ ಮೇಲೆ ಅದೇ ಮೌನ ಮರುಕಳಿಸಿದಾಗ “ಸೆಲ್ಫ್ ಹೋಗಿದೆ” ಎಂಬ ಎರಡನೆಯ ತೀರ್ಪು ಹೊರಬೀಳುತ್ತದೆ. ಸೆಲ್ಫ್ ಎಂದರೆ ನಮ್ಮ ಮೆಕ್ಯಾನಿಕರ ಮಾತಿನಲ್ಲಿ ಎಂಜಿನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರು. ಅದನ್ನೂ ಬದಲಾಯಿಸಿದ್ದಾಯಿತು; ದೋಷವು ಮಾತ್ರ ಇದ್ದಲ್ಲಿಯೇ ಇದೆ. ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವುದು ಲೇಸು. ಕಡಲತೀರದ ಊರುಗಳಲ್ಲಿ ಬ್ಯಾಟರಿಯನ್ನು ಅಪರಾಧಿಯೆಂದು ನಿರ್ಣಯಿಸುವುದಕ್ಕೆ ಮುಂಚೆ ಅದರ ತಂತಿಗಳು ಬಂದು ಸೇರುವ ಸಂದುಗಳನ್ನು ವಿಚಾರಿಸಬೇಕು. ಹಾಗೆ ವಿಚಾರಿಸುವುದಕ್ಕೆ ಒಂದು ಕ್ರಮವಿದೆ. ಅದಕ್ಕೆ ಬೇಕಾದ ಉಪಕರಣವೂ ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಒಂದು ಮಲ್ಟಿಮೀಟರು ಮಾತ್ರ.

ಪೆಟ್ರೋಲು ಅಥವಾ ಡೀಸೆಲು ಎಂಜಿನಿಗೆ ತಾನಾಗಿಯೇ ಚಲನೆಯನ್ನು ಆರಂಭಿಸುವ ಸಾಮರ್ಥ್ಯವಿಲ್ಲ. ಬೇರೊಂದು ಬಲವು ಅದನ್ನು ಕೆಲವು ಸುತ್ತು ತಿರುಗಿಸಿಕೊಟ್ಟರೆ ಮಾತ್ರ ಅದು ಉಸಿರು ಹಿಡಿದು ನಡೆಯುತ್ತದೆ. ಪೂರ್ವದಲ್ಲಿ ಈ ಬಲವು ಮನುಷ್ಯನ ತೋಳಿನದಾಗಿತ್ತು. ಗಾಡಿಯ ಮುಂಭಾಗಕ್ಕೆ ಕಬ್ಬಿಣದ ಹ್ಯಾಂಡಲನ್ನು ಸಿಕ್ಕಿಸಿ ತಿರುಗಿಸುತ್ತಿದ್ದರು. ಎಂಜಿನು ಹಿಮ್ಮುಖವಾಗಿ ಒದೆದರೆ ಮಣಿಕಟ್ಟು ಮುರಿಯುವುದೂ ಉಂಟಾಗಿತ್ತು. ನಮ್ಮ ದೇಶದ ಅಂಬಾಸಡರ್ ಗಾಡಿಗಳಲ್ಲಿ ಈ ಹ್ಯಾಂಡಲು ಬಹುಕಾಲ ಉಳಿದುಬಂದುದನ್ನು ಹಿರಿಯ ಶ್ರೋತೃಗಳು ಬಲ್ಲರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಳಕೆಗೆ ಬಂದಿತು. ಅದಕ್ಕೆ ಮುಂಚೆ ಅವರು ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದವರು. ಚಿಕ್ಕದೊಂದು ಮೋಟಾರಿನಿಂದ, ಕೆಲವೇ ಕ್ಷಣಗಳ ಮಟ್ಟಿಗೆ, ಅದರ ಅಳವಿಗೆ ಮೀರಿದ ಕೆಲಸವನ್ನು ತೆಗೆಯಬಹುದೆಂಬುದು ಅಲ್ಲಿ ಅವರು ಕಂಡುಕೊಂಡ ಗುಟ್ಟು. ಇಂದಿನ ಸ್ಟಾರ್ಟರೂ ಅದೇ ಜಾತಿಯದು. ಆದುದರಿಂದಲೇ ಅದನ್ನು ಹತ್ತು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ತಿರುಗಿಸಬಾರದು. ಮಧ್ಯೆ ಒಂದೆರಡು ನಿಮಿಷ ವಿಶ್ರಾಂತಿ ಕೊಡದಿದ್ದರೆ ಅದು ಸುಟ್ಟುಹೋದೀತು.

ಈ ಕೆಲವು ಕ್ಷಣಗಳಲ್ಲಿ ಹರಿಯುವ ವಿದ್ಯುತ್ಪ್ರವಾಹವು ಅಲ್ಪವಾದುದಲ್ಲ. ಚಿಕ್ಕ ಪೆಟ್ರೋಲು ಗಾಡಿಯೂ 100ರಿಂದ 200 ಆಂಪಿಯರುಗಳಷ್ಟನ್ನು ಬೇಡುತ್ತದೆ. ಡೀಸೆಲು ಗಾಡಿಯ ಬೇಡಿಕೆ ಇನ್ನೂ ಹೆಚ್ಚು. ಬ್ಯಾಟರಿಯ ಧನಧ್ರುವದಿಂದ ಹೊರಟ ಪ್ರವಾಹವು ದಪ್ಪ ತಂತಿಯೊಂದರಲ್ಲಿ ಹರಿದು, ಸೊಲನಾಯಿಡ್ ಎಂಬ ವಿದ್ಯುತ್ಕಾಂತದ ಬಾಗಿಲನ್ನು ದಾಟಿ, ಸ್ಟಾರ್ಟರನ್ನು ತಿರುಗಿಸುತ್ತದೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಹೋದ ಪ್ರವಾಹವು ಹಿಂದಿರುಗಿ ಬ್ಯಾಟರಿಯ ಋಣಧ್ರುವವನ್ನು ಸೇರಿದಲ್ಲದೆ ಕೆಲಸ ನಡೆಯದೆಂಬುದನ್ನು ಮರೆಯುವವರೇ ಹೆಚ್ಚು. ಹಿಂದಿರುಗುವ ದಾರಿಗೆ ಪ್ರತ್ಯೇಕವಾದ ತಂತಿಯನ್ನು ಎಳೆದಿರುವುದಿಲ್ಲ. ಎಂಜಿನಿನ ಲೋಹವೂ ಗಾಡಿಯ ಒಡಲೂ ಆ ದಾರಿ. ಇವೆರಡರ ನಡುವೆ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಒಂದು ಪಟ್ಟಿ ಅಥವಾ ದಪ್ಪ ತಂತಿ, ಒಡಲಿನಿಂದ ಬ್ಯಾಟರಿಗೆ ಇನ್ನೊಂದು. ಇದಕ್ಕೆ ಅರ್ಥ್ ಎಂದು ಹೆಸರು. ಬಾನೆಟ್ಟಿನ ಕೆಳಗೆ ಕಣ್ಣಿಗೆ ಬೀಳದ ಮೂಲೆಯಲ್ಲಿ, ಒಂದು ಬೋಲ್ಟಿನ ಅಡಿಯಲ್ಲಿ ಕುಳಿತಿರುವ ಈ ಪಟ್ಟಿಯೇ ನಮ್ಮ ಇಂದಿನ ಕಥೆಯ ಮುಖ್ಯ ಪಾತ್ರ.

ಮಲ್ಪೆಯಲ್ಲಿ ಈ ಪಟ್ಟಿಗೆ ಒದಗುವ ಗತಿಯನ್ನು ಬಯಲುಸೀಮೆಯವರು ಊಹಿಸಲಾರರು. ಸಮುದ್ರದ ನೀರಿನಲ್ಲಿ ಒಂದು ಲೀಟರಿಗೆ ಸುಮಾರು 35 ಗ್ರಾಮುಗಳಷ್ಟು ಉಪ್ಪಿರುತ್ತದೆ. ಅಲೆಯೊಡೆದಾಗ ಏಳುವ ಸೂಕ್ಷ್ಮವಾದ ಹನಿಗಳನ್ನು ಪಡುಗಾಳಿ ಊರೊಳಕ್ಕೆ ತರುತ್ತದೆ. ಒಂದು ಮಗ್ಗುಲಲ್ಲಿ ಕಡಲನ್ನೂ ಇನ್ನೊಂದು ಮಗ್ಗುಲಲ್ಲಿ ಹೊಳೆಯನ್ನೂ ಇರಿಸಿಕೊಂಡ ಪಡುಕೆರೆಯಂತಹ ಕಡೆ ಗಾಜಿನ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿದರೆ ಅದರ ರುಚಿಯೇ ಸಾಕ್ಷಿ. ಇದಕ್ಕೆ ಬಂದರಿನ ರಸ್ತೆಯ ಕೊಡುಗೆಯೂ ಸೇರುತ್ತದೆ: ಬೂತಾಯಿ ಬಂಗುಡೆಗಳನ್ನು ಮಂಜುಗಡ್ಡೆಯೊಡನೆ ತುಂಬಿಕೊಂಡ ಲಾರಿಗಳಿಂದ ತೊಟ್ಟಿಕ್ಕಿದ ಉಪ್ಪುನೀರು, ಹಿಂದೆ ಬರುವ ಗಾಡಿಗಳ ಚಕ್ರಗಳಿಂದ ಎರಚಲ್ಪಟ್ಟು ಅವುಗಳ ಹೊಟ್ಟೆಯಡಿಗೆ ಅಂಟುತ್ತದೆ.

ಉಪ್ಪು ಬರಿಯ ಧೂಳಾಗಿದ್ದರೆ ಅಷ್ಟು ಭಯವಿರಲಿಲ್ಲ. ಗಾಳಿಯ ಆರ್ದ್ರತೆ ನೂರಕ್ಕೆ ಸುಮಾರು 75ನ್ನು ಮೀರಿದರೆ ಅಡಿಗೆಯ ಉಪ್ಪು ತಾನಾಗಿಯೇ ನೀರನ್ನು ಹೀರಿ ಕರಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ನೂರಕ್ಕೆ 33 ಇದ್ದರೂ ಸಾಕು. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಕರಾವಳಿಯ ಪ್ರತಿಯೊಬ್ಬ ಗೃಹಿಣಿಯೂ ಕಂಡಿದ್ದಾಳೆ. ಅದೇ ಕ್ರಿಯೆಯು ಬಾನೆಟ್ಟಿನ ಕೆಳಗೂ ನಡೆಯುತ್ತಿರುತ್ತದೆ. ಇಷ್ಟೊಂದು ಮಳೆ ಸುರಿಯುವ ನಾಡಿನಲ್ಲಿ ಉಪ್ಪೆಲ್ಲ ತೊಳೆದುಹೋಗುವುದಿಲ್ಲವೆ ಎಂದು ಕೇಳಬಹುದು. ಗಾಡಿಯ ಮಾಡು, ಬಾಗಿಲುಗಳು ತೊಳೆಯಲ್ಪಡುವುದು ನಿಜ. ಮಳೆ ತಾಗದ ಮರೆಯ ಸ್ಥಳಗಳಲ್ಲಿ ಮಾತ್ರ ಉಪ್ಪು ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತದೆ.

ಉಪ್ಪುನೀರಿನ ತೇವದಲ್ಲಿ ಎರಡು ಬಗೆಯ ಲೋಹಗಳು ಒಂದನ್ನೊಂದು ತಾಗಿಕೊಂಡಿದ್ದರೆ ಏನಾಗುವುದೆಂಬುದನ್ನು ಇಟಲಿಯ ವೋಲ್ಟಾ 1800ರಲ್ಲಿಯೇ ತೋರಿಸಿಕೊಟ್ಟನು. ಉಪ್ಪುನೀರಿನಲ್ಲಿ ನೆನೆದ ರಟ್ಟಿನ ತುಂಡುಗಳನ್ನು ಎರಡು ಲೋಹಗಳ ಬಿಲ್ಲೆಗಳ ನಡುವೆ ಇಟ್ಟು ಅವನು ಕಟ್ಟಿದ ಗೋಪುರವೇ ಜಗತ್ತಿನ ಮೊದಲನೆಯ ಬ್ಯಾಟರಿ. ಇಂತಹ ಜೋಡಿಯಲ್ಲಿ ಒಂದು ಲೋಹವು ಕರಗಿ ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ. ಇದನ್ನೇ ಉಪಾಯವಾಗಿ ತಿರುಗಿಸಿ, ಹಡಗುಗಳ ತಾಮ್ರದ ಹೊದಿಕೆಯನ್ನು ಕಾಪಾಡಲು ಸತುವನ್ನೋ ಕಬ್ಬಿಣವನ್ನೋ ಬಲಿಗೊಡಬಹುದೆಂದು ಹಂಫ್ರಿ ಡೇವಿ 1824ರಲ್ಲಿ ಸೂಚಿಸಿದನು. ಉಕ್ಕಿನ ದೋಣಿಗಳ ಅಡಿಗೆ ಸತುವಿನ ಗಟ್ಟಿಗಳನ್ನು ಜೋಡಿಸುವ ಪದ್ಧತಿ ಅದೇ ವಂಶದ್ದು. ಗಾಡಿಯ ಸಂದಿನಲ್ಲಿ ಸೀಸ, ತಾಮ್ರ, ಸತು ಲೇಪಿಸಿದ ಬೋಲ್ಟು, ಉಕ್ಕಿನ ಒಡಲು ಎಲ್ಲವೂ ಒಂದೆಡೆ ಸೇರಿರುತ್ತವೆ. ಉಪ್ಪುನೀರನ್ನು ಕಡಲು ಧಾರೆಯೆರೆಯುತ್ತದೆ. ದೊಡ್ಡ ಬ್ಯಾಟರಿಯ ಕಾಲಬುಡದಲ್ಲಿ ಅದಕ್ಕೆ ಅಪಕಾರವನ್ನು ಮಾಡುವ ಸಣ್ಣ ಬ್ಯಾಟರಿಯೊಂದು ಹೀಗೆ ಹುಟ್ಟಿಕೊಳ್ಳುತ್ತದೆ. ಅದರ ಫಲವಾಗಿ ತಾಮ್ರದ ಮೇಲೆ ಹಸುರು ಕಿಲುಬೂ ಉಕ್ಕಿನ ಮೇಲೆ ತುಕ್ಕೂ ಬೆಳೆಯುತ್ತವೆ. ಇವೆರಡೂ ವಿದ್ಯುತ್ತಿಗೆ ಒಳ್ಳೆಯ ದಾರಿಯಲ್ಲ.

ದೀಪಗಳು ಉರಿಯುತ್ತಿರುವಾಗ ಸ್ಟಾರ್ಟರೇಕೆ ತಿರುಗದೆಂಬ ಒಗಟನ್ನು ಈಗ ಬಿಡಿಸಬಹುದು. ಕಿಲುಬು ಹಿಡಿದ ಸಂದಿನ ರೋಧವು ಒಂದು ಓಮಿನ ಐವತ್ತನೆಯ ಒಂದು ಪಾಲು, ಎಂದರೆ 0.02 ಓಮ್ ಎಂದಿಟ್ಟುಕೊಳ್ಳೋಣ. ಎರಡು ಮುಂದೀಪಗಳಿಗೆ ಬೇಕಾಗುವುದು ಸುಮಾರು 10 ಆಂಪಿಯರುಗಳು. ಅವು ಈ ಸಂದಿನ ಮೂಲಕವೇ ಹಾದುಹೋದರೂ ಕಳೆದುಹೋಗುವುದು 0.2 ವೋಲ್ಟು, ಬೆಳಕಿನಲ್ಲಿ ಈ ಕೊರತೆ ಕಣ್ಣಿಗೆ ಕಾಣುವುದೇ ಇಲ್ಲ. ಸ್ಟಾರ್ಟರಿನ 150 ಆಂಪಿಯರುಗಳು ಅದೇ ಸಂದನ್ನು ಹಾಯಲೆಳಸಿದರೆ ನಷ್ಟವು 3 ವೋಲ್ಟು. 12 ವೋಲ್ಟುಗಳ ಗಾಡಿಯಲ್ಲಿ ಮೂರು ಹೋದರೆ ಸ್ಟಾರ್ಟರು ಮುಲುಗುವುದಲ್ಲದೆ ಇನ್ನೇನು ಮಾಡೀತು? ಮನೆಯ ಮಾಳಿಗೆಯ ತೊಟ್ಟಿಯಿಂದ ಇಳಿಯುವ ಕೊಳವೆಯಲ್ಲಿ ಪಾಚಿ ಕಟ್ಟಿಕೊಂಡಿದ್ದರೆ, ನಲ್ಲಿಯಿಂದ ತೊಟ್ಟಿಕ್ಕುವಷ್ಟು ನೀರಿಗೆ ಯಾವ ಅಡ್ಡಿಯೂ ಕಾಣದು. ಕೊಡ ತುಂಬಲು ನಲ್ಲಿಯನ್ನು ಪೂರ್ತಿ ತಿರುಗಿಸಿದಾಗಲೇ ಕೊಳವೆಯ ನಿಜಸ್ಥಿತಿ ಬಯಲಾಗುವುದು. ತೊಟ್ಟಿ ಮಾತ್ರ ತುಂಬಿಯೇ ಇರುತ್ತದೆ.

ಹೀಗಿರುವುದರಿಂದ ಕಿವಿಯಿಂದಲೂ ಕಣ್ಣಿನಿಂದಲೂ ಮಾಡುವ ಮೊದಲ ಪರೀಕ್ಷೆಯನ್ನು ಹೀಗೆ ನಡಸಬಹುದು. ಮುಂದೀಪಗಳನ್ನು ಹೊತ್ತಿಸಿ, ಗೋಡೆಯ ಮೇಲೆ ಬೀಳುವ ಅವುಗಳ ಬೆಳಕನ್ನು ನೋಡುತ್ತ ಕೀಲಿಕೈಯನ್ನು ತಿರುಗಿಸಿ. ಬೆಳಕು ಒಮ್ಮೆಲೆ ಕುಗ್ಗಿ, ‘ಟಕಟಕಟಕ’ ಎಂದು ಮರಕುಟುಕನ ಸದ್ದು ಬಂದರೆ, ಬ್ಯಾಟರಿ ಬರಿದಾಗಿದೆ ಅಥವಾ ಅದರ ಕಂಬಗಳಿಗೆ ಬಿಗಿದ ಹಿಡಿಗಳೇ ಕೆಟ್ಟಿವೆ: ಸೊಲನಾಯಿಡ್ ಬಾಗಿಲನ್ನು ತೆರೆಯುತ್ತದೆ, ಪ್ರವಾಹ ಹೊರಡುತ್ತಲೇ ಒತ್ತಡ ಕುಸಿಯುತ್ತದೆ, ಬಾಗಿಲು ಮುಚ್ಚುತ್ತದೆ, ಒತ್ತಡ ಚೇತರಿಸಿದೊಡನೆ ಮತ್ತೆ ತೆರೆಯುತ್ತದೆ. ಬೆಳಕು ಅಷ್ಟಾಗಿ ಕುಗ್ಗದೆ ಒಂದೇ ‘ಟಕ್’ ಕೇಳಿಸಿದರೆ ಅಥವಾ ಎಂಜಿನು ಭಾರವಾಗಿ ಮುಲುಗಿ ನಿಂತರೆ, ಸಂದೇಹವು ಸ್ಟಾರ್ಟರಿನ ಮೇಲೂ ಎಂಜಿನಿನ ಅರ್ಥ್ ಪಟ್ಟಿಯ ಮೇಲೂ ಸಮನಾಗಿ ಬೀಳಬೇಕು. ಬೆಳಕೂ ಕುಗ್ಗದೆ ಸದ್ದೂ ಇಲ್ಲದಿದ್ದರೆ ಆಜ್ಞೆಯೇ ಸ್ಟಾರ್ಟರಿಗೆ ತಲಪಿಲ್ಲ. ಫ್ಯೂಸು, ರಿಲೇ, ಕ್ಲಚ್ಚಿನ ಕೆಳಗಿರುವ ಸ್ವಿಚ್ಚುಗಳನ್ನು ನೋಡಬೇಕು. ಆಟೋಮ್ಯಾಟಿಕ್ ಗಾಡಿಯಾದರೆ ಗೇರಿನ ಕೋಲು ಸರಿಯಾದ ಸ್ಥಾನದಲ್ಲಿದೆಯೆ ಎಂಬುದನ್ನು ಮೊದಲು ನೋಡುವುದು ಮಾನ ಉಳಿಸುವ ಮಾರ್ಗ. ಎಂಜಿನು ಎಂದಿನ ಉತ್ಸಾಹದಿಂದ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಗೂ ಸ್ಟಾರ್ಟರಿಗೂ ಅದರಲ್ಲಿ ಪಾಲಿಲ್ಲ. ಅದು ಇಂಧನದ, ಕಿಡಿಯ ಅಥವಾ ಕಳ್ಳರನ್ನು ತಡೆಯುವ ಇಮೊಬಿಲೈಸರಿನ ವಿಚಾರ.

ಮುಂದಿನ ಕೆಲಸ ಮಲ್ಟಿಮೀಟರಿನದು. ಗಾಡಿ ಕೆಲವು ಗಂಟೆಗಳ ಕಾಲ ನಿಂತಿದ್ದ ಮೇಲೆ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆದರೆ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟನ್ನು ತೋರಿಸುತ್ತದೆ, 12.2 ಎಂದರೆ ಅರ್ಧ, 11.9 ಎಂದರೆ ಬರಿದು. ಬಹಳ ಮಂದಿ ಇಲ್ಲಿಗೆ ಪರೀಕ್ಷೆಯನ್ನು ಮುಗಿಸಿಬಿಡುತ್ತಾರೆ. ನಿಂತ ನೀರಿನ ಮಟ್ಟವನ್ನು ನೋಡಿ ಕೊಳವೆಯ ಯೋಗ್ಯತೆಯನ್ನು ಹೇಳಿದಂತೆ ಇದು. ಇನ್ನೊಬ್ಬರು ಕೀಲಿಕೈಯನ್ನು ತಿರುಗಿಸುತ್ತಿರುವಾಗ, ಭಾರ ಬಿದ್ದಿರುವಾಗಲೇ, ಮತ್ತೆ ಅಳೆಯಬೇಕು. ಆಗ ಒತ್ತಡವು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯ ಮೇಲಿನ ಸಂದೇಹ ಸಕಾರಣವಾದುದು. ಒತ್ತಡ 11ರ ಆಸುಪಾಸಿನಲ್ಲಿಯೇ ನಿಂತಿದ್ದು ಎಂಜಿನು ಮಾತ್ರ ತಿರುಗದಿದ್ದರೆ, ಬ್ಯಾಟರಿ ಕೊಡಲು ಸಿದ್ಧವಾಗಿದ್ದರೂ ಕೊಂಡುಹೋಗುವ ದಾರಿ ಕಟ್ಟಿದೆ ಎಂದರ್ಥ. ಆಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಕಂಬದ ನೆತ್ತಿಯ ಮೇಲೆ, ಹಿಡಿಯ ಮೇಲಲ್ಲ, ಕಂಬದ ಮೇಲೆಯೇ ಇಟ್ಟು, ಇನ್ನೊಂದನ್ನು ಎಂಜಿನಿನ ಶುಭ್ರವಾದ ಲೋಹಕ್ಕೆ ಒತ್ತಿ, ಸ್ಟಾರ್ಟರನ್ನು ತಿರುಗಿಸಬೇಕು. ದಾರಿ ನೆಟ್ಟಗಿದ್ದರೆ ಮೀಟರು 0.2 ವೋಲ್ಟನ್ನು ಮೀರಬಾರದು. ಅದೇ ರೀತಿ ಧನಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನವರೆಗೆ 0.5ರ ಒಳಗಿರಬೇಕು. ಹೆಚ್ಚಾಗಿದ್ದರೆ ದಾರಿಯನ್ನು ಅರ್ಧಕ್ಕರ್ಧ ಮಾಡುತ್ತ ಬಂದರೆ ದೋಷವಿರುವ ಸಂದು ತಾನಾಗಿ ಸಿಕ್ಕಿಬೀಳುತ್ತದೆ. ಮೀಟರಿನ ಓಮ್ ಸ್ಥಾನದಿಂದ ಈ ಕೆಲಸ ಆಗದು. ಅದರ ತಂತಿಗಳ ರೋಧವೇ ನಾವು ಹುಡುಕುವ ರೋಧಕ್ಕಿಂತ ದೊಡ್ಡದು.

ಈ ಕ್ರಮದ ಬೆಲೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮಲ್ಪೆಯ ವಡಭಾಂಡೇಶ್ವರದ ಕಡೆ, ಅಲೆಯ ಸದ್ದು ಕೇಳುವಷ್ಟು ಸಮೀಪದಲ್ಲಿರುವ ಮನೆಯೊಂದರ ಒಂಬತ್ತು ವರ್ಷದ ಪೆಟ್ರೋಲು ಗಾಡಿಯನ್ನು ನಾವು ಪರೀಕ್ಷಿಸಿದೆವು. ಹದಿನಾಲ್ಕು ತಿಂಗಳಲ್ಲಿ ಅದಕ್ಕೆ ಎರಡು ಬ್ಯಾಟರಿಗಳು ಬದಲಾಗಿದ್ದವು. ಮೂರನೆಯದಕ್ಕೆ ಮಾತುಕತೆ ನಡೆದಿತ್ತು. ನಿಂತಿರುವಾಗ ಬ್ಯಾಟರಿ 12.5 ವೋಲ್ಟನ್ನು ತೋರಿಸಿತು. ಸ್ಟಾರ್ಟರು ಮುಲುಗುತ್ತಿರುವಾಗ 10.9. ಧನದ ದಾರಿಯಲ್ಲಿ ನಷ್ಟ 0.3, ಸ್ಟಾರ್ಟರಿಗೆ ದಕ್ಕಿದ್ದು 7.0. ಉಳಿದ 3.6 ವೋಲ್ಟು ಋಣಕಂಬಕ್ಕೂ ಎಂಜಿನಿಗೂ ನಡುವೆ ಮಾಯವಾಗುತ್ತಿತ್ತು. ಜಂಪರ್ ತಂತಿಯೊಂದನ್ನು ಬ್ಯಾಟರಿಯ ಋಣಕಂಬದಿಂದ ನೇರವಾಗಿ ಎಂಜಿನಿನ ಲೋಹಕ್ಕೆ ಸೇರಿಸಿದೆವು. ಗಾಡಿ ಮೊದಲನೆಯ ತಿರುವಿಗೇ ಹೊರಟಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಅರ್ಥ್ ಪಟ್ಟಿ ಹೊರನೋಟಕ್ಕೆ ಸ್ವಲ್ಪ ಮಂಕಾಗಿ ಕಂಡಿತೇ ಹೊರತು ಕೆಟ್ಟಂತಿರಲಿಲ್ಲ. ಬೋಲ್ಟನ್ನು ಬಿಚ್ಚಿ ತಿರುವಿದಾಗ ಅದರ ಅಡಿಯಲ್ಲಿ ಬಣ್ಣದ ಪದರವೊಂದು ಎದ್ದು, ಅದರೊಳಗೆ ತುಕ್ಕು ಹರಡಿ, ತಾಮ್ರದ ಎಳೆಗಳು ಹಸುರು ಹಿಟ್ಟಾಗಿದ್ದವು. ಹೊಸ ಪಟ್ಟಿಯನ್ನು ಹಾಕಿ, ಉಕ್ಕನ್ನು ಉಜ್ಜು ಕಾಗದದಿಂದ ಬೆಳ್ಳಗೆ ಉಜ್ಜಿ ಬಿಗಿದ ಮೇಲೆ ಆ ನಷ್ಟ 0.1 ವೋಲ್ಟಿಗೆ ಇಳಿಯಿತು. ತಗುಲಿದ ವೆಚ್ಚ ಕೆಲವು ನೂರು ರೂಪಾಯಿಗಳು. ಹಾಗಾದರೆ ಹಿಂದೆ ಎರಡು ಸಲ ಹೊಸ ಬ್ಯಾಟರಿ ಹಾಕಿದಾಗ ಗಾಡಿ ಹೊರಟಿದ್ದೇಕೆ? ಬ್ಯಾಟರಿಯನ್ನು ಬದಲಾಯಿಸುವಾಗ ಅದರ ಹಿಡಿಗಳನ್ನು ಸಡಿಲಿಸಿ, ಉಜ್ಜಿ, ಮತ್ತೆ ಬಿಗಿಯುತ್ತಾರೆ. ಅಲ್ಲಿದ್ದ ಅಲ್ಪ ನಷ್ಟವು ತಪ್ಪುತ್ತದೆ. ಹೊಸ ಬ್ಯಾಟರಿ ಭಾರ ಬಿದ್ದಾಗ ಹಳೆಯದಕ್ಕಿಂತ ಒಂದಿಷ್ಟು ಹೆಚ್ಚು ಒತ್ತಡವನ್ನು ಉಳಿಸಿಕೊಳ್ಳುತ್ತದೆ. ಇವೆರಡರ ಕೂಟದಿಂದ ದೊರೆತ ಅರ್ಧ ವೋಲ್ಟು ಗಾಡಿಯನ್ನು ಮುಂದಿನ ಮಳೆಗಾಲದವರೆಗೆ ಹೇಗೋ ನಡಸುತ್ತದೆ. ಔಷಧದಿಂದಲ್ಲ, ಔಷಧದ ಬಾಟಲಿಯನ್ನು ತೊಳೆದದ್ದರಿಂದ ಗುಣವಾದ ಹಾಗೆ! ತೆಗೆದುಹಾಕಿದ ಆ ಎರಡು ಬ್ಯಾಟರಿಗಳು ನಿಜವಾಗಿ ಕೆಟ್ಟಿದ್ದವೆಂದು ನಮಗೆ ತೋರುವುದಿಲ್ಲ.

ಬ್ಯಾಟರಿಯೇ ತಪ್ಪಿತಸ್ಥವಾಗಿರುವ ಸಂದರ್ಭಗಳೂ ಇಲ್ಲದಿಲ್ಲ. ಉಡುಪಿಯ ಸುತ್ತಮುತ್ತ, ಮನೆಯವರು ಮುಂಬಯಿಯಲ್ಲೋ ಕೊಲ್ಲಿಯ ದೇಶಗಳಲ್ಲೋ ಇದ್ದು, ಗಾಡಿ ಮಾತ್ರ ಚಾವಡಿಯ ಮುಂದೆ ತಿಂಗಳುಗಟ್ಟಲೆ ನಿಂತಿರುವುದುಂಟು. ನಿಂತ ಗಾಡಿಯಲ್ಲಿಯೂ ಗಡಿಯಾರ, ಕಾವಲು ಯಂತ್ರ ಮೊದಲಾದವು ಸುಮಾರು 50 ಮಿಲಿ ಆಂಪಿಯರುಗಳವರೆಗೆ ಹೀರುತ್ತಿರಬಹುದು. ದಿನಕ್ಕೆ ಅದು 1.2 ಆಂಪಿಯರ್ ಗಂಟೆ. ಒಂದು ತಿಂಗಳಿಗೆ 36. ಬ್ಯಾಟರಿಯ ಒಟ್ಟು ಸಂಗ್ರಹ 45 ಆಂಪಿಯರ್ ಗಂಟೆಯಾದರೆ ಉಳಿದುದೆಷ್ಟೆಂಬುದನ್ನು ಶ್ರೋತೃಗಳೇ ಲೆಕ್ಕ ಹಾಕಬಹುದು. ಹೀಗೆ ಬರಿದಾಗಿ ನಿಂತ ಸೀಸದ ಬ್ಯಾಟರಿಯ ಫಲಕಗಳು ಗಟ್ಟಿಗೊಂಡು ಮತ್ತೆ ಪೂರ್ತಿ ತುಂಬಲಾರವು. ಊರು ಬಿಡುವಾಗ ಋಣಕಂಬದ ಹಿಡಿಯನ್ನು ಕಳಚಿಡುವುದು ಸುಲಭವಾದ ಪರಿಹಾರ. ಎಂಜಿನು ಓಡುತ್ತಿರುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟು ಕಾಣಬೇಕು. 12ರ ಹತ್ತಿರವೇ ನಿಂತಿದ್ದರೆ ಆಲ್ಟರ್ನೇಟರು ತುಂಬುತ್ತಿಲ್ಲ. ಇದನ್ನು ಪರೀಕ್ಷಿಸಲು ಓಡುವ ಎಂಜಿನಿನ ಬ್ಯಾಟರಿ ತಂತಿಯನ್ನು ಕಿತ್ತು ನೋಡುವ ಹಳೆಯ ಚಾಳಿಯೊಂದಿದೆ. ಡೈನಮೋವಿನ ಕಾಲಕ್ಕೆ ಅದು ನಡೆಯಿತು. ಇಂದಿನ ಗಾಡಿಯಲ್ಲಿ ಆ ಕ್ಷಣದಲ್ಲಿ ಏಳುವ ಒತ್ತಡದ ಅಲೆಯು ಎಲೆಕ್ಟ್ರಾನಿಕ್ ಭಾಗಗಳನ್ನು ಸುಟ್ಟುಬಿಡಬಹುದು. ಇಲಿ ಹೆಗ್ಗಣಗಳು ತಂತಿಯ ಹೊದಿಕೆಯನ್ನು ಕಡಿಯುವುದೂ ನಮ್ಮ ಕಡೆ ಸಾಮಾನ್ಯ; ಬಾನೆಟ್ಟನ್ನು ಎತ್ತಿದಾಗ ಹಿಕ್ಕೆ ಕಂಡರೆ ಮೀಟರಿಗಿಂತ ಮೊದಲು ಕಣ್ಣಿಗೆ ಕೆಲಸ ಕೊಡಿ.

ಸಂದುಗಳನ್ನು ಶುದ್ಧಿಮಾಡುವುದಕ್ಕೆ ಹೆಚ್ಚಿನ ವಿದ್ಯೆ ಬೇಡ. ಕೈಯ ಉಂಗುರ ಬಳೆಗಳನ್ನು ತೆಗೆದಿರಿಸಿ, ಮೊದಲು ಋಣದ ಹಿಡಿಯನ್ನು ಬಿಚ್ಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಸೇರಿಸಬೇಕು. ಸ್ಪಾನರು ಗಾಡಿಯ ಒಡಲಿಗೆ ತಗುಲಿದರೆ ಕಿಡಿ ಏಳದಿರಲು ಇದೊಂದೇ ಉಪಾಯ. ಕಂಬಗಳ ಮೇಲಿನ ಬಿಳಿಯ, ನೀಲಿಯ ಹಿಟ್ಟಿನಲ್ಲಿ ಆಮ್ಲವಿರುತ್ತದೆ. ಬಿಸಿನೀರಿನಲ್ಲಿ ಅಡಿಗೆಯ ಸೋಡಾವನ್ನು ಕದಡಿ ಹಚ್ಚಿದರೆ ನೊರೆಯೆದ್ದು ಶಮನವಾಗುತ್ತದೆ. ಆ ನೀರು ಬ್ಯಾಟರಿಯ ಒಳಕ್ಕೆ ಮಾತ್ರ ಇಳಿಯಬಾರದು. ಒಣಗಿಸಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಅನಂತರ ಮೇಲೆ ವ್ಯಾಸಲೀನನ್ನು ಬಳಿಯಬೇಕು. ಕಡಲತೀರದವರು ಇದನ್ನು ವರ್ಷಕ್ಕೆರಡು ಸಲ ಮಾಡುವುದು ಒಳ್ಳೆಯದು. ಯಾಂತ್ರಿಕ ದೋಣಿಗಳು ದಡ ಸೇರುವ ಜೂನ್ 1ಕ್ಕೆ ಮೊದಲೊಮ್ಮೆ, ಜುಲೈ 31ರಂದು ನಿಷೇಧ ಮುಗಿದು ಅವು ಕಡಲಿಗಿಳಿಯುವ ಹೊತ್ತಿಗೆ ಇನ್ನೊಮ್ಮೆ ಎಂದಿಟ್ಟುಕೊಂಡರೆ ಮಲ್ಪೆಯವರಿಗೆ ಮರೆಯುವ ಭಯವಿಲ್ಲ.

ನೆರೆಯವರ ಗಾಡಿಯಿಂದ ವಿದ್ಯುತ್ತನ್ನು ಎರವು ಪಡೆಯುವಾಗಲೂ ಕ್ರಮ ತಪ್ಪಬಾರದು. ಮೊದಲು ಧನಕ್ಕೆ ಧನ. ಆಮೇಲೆ ಕೊಡುವ ಗಾಡಿಯ ಋಣ. ಕೊನೆಯ ತುದಿಯನ್ನು ಪಡೆಯುವ ಗಾಡಿಯ ಬ್ಯಾಟರಿಗೆ ಸೇರಿಸದೆ, ಅದರಿಂದ ದೂರವಾಗಿ ಎಂಜಿನಿನ ಲೋಹಕ್ಕೆ ಕಚ್ಚಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಏಳುವುದು ಸಹಜ. ಬ್ಯಾಟರಿಯ ಬಾಯಲ್ಲಿ ಜಲಜನಕ ಸೇರಿಕೊಂಡಿದ್ದರೆ ಆ ಕಿಡಿಯಿಂದ ಅದು ಸಿಡಿದು ಆಮ್ಲವು ಮುಖಕ್ಕೆ ಹಾರಬಹುದು. ಹೀಗೆ ಎಂಜಿನಿಗೇ ಕಚ್ಚಿಸಿದಾಗ ಸತ್ತಂತಿದ್ದ ಗಾಡಿ ಥಟ್ಟನೆ ಹೊರಟರೂ ಬ್ಯಾಟರಿಯನ್ನು ದೂಷಿಸಲು ಅವಸರಪಡಬಾರದು. ಪಕ್ಕದ ಗಾಡಿಯ ತಂತಿಯು ನಿಮ್ಮ ಅರ್ಥ್ ಪಟ್ಟಿಯ ಕೆಲಸವನ್ನು ಮಾಡಿಕೊಟ್ಟಿರುವುದೂ ಸಾಧ್ಯ.

ಪೂರ್ತಿ ವಿದ್ಯುತ್ತಿನಿಂದಲೇ ಓಡುವ ಗಾಡಿಗಳು ಉಡುಪಿ ಮಣಿಪಾಲಗಳ ಬೀದಿಗಳಲ್ಲಿ ಈಗ ಕಾಣಬರುತ್ತಿವೆ. ಅವುಗಳಲ್ಲಿ ಸ್ಟಾರ್ಟರಿಲ್ಲ, ಎಂಜಿನಿಲ್ಲ. ಆದರೂ ಸಾಮಾನ್ಯವಾಗಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಒಳಗೆ ಇದ್ದೇ ಇದೆ. ಅದು ಬರಿದಾದರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎಚ್ಚರಗೊಳ್ಳುವುದಿಲ್ಲ. ಆ ಚಿಕ್ಕ ಬ್ಯಾಟರಿಯ ಕಂಬಗಳನ್ನೂ ಅರ್ಥ್ ಸಂದನ್ನೂ ಮೇಲೆ ಹೇಳಿದಂತೆ ನೋಡಬಹುದು. ಕಿತ್ತಳೆ ಬಣ್ಣದ ಹೊದಿಕೆಯ ದಪ್ಪ ತಂತಿಗಳನ್ನು ಮಾತ್ರ ಯಾರೂ ಮುಟ್ಟತಕ್ಕದ್ದಲ್ಲ. ಅವುಗಳಲ್ಲಿರುವುದು ಪ್ರಾಣಾಪಾಯಕರವಾದ ನೂರಾರು ವೋಲ್ಟುಗಳ ಒತ್ತಡ.